ಮುದುಕವ್ವನ ನೆರಳು

"ಅತ್ಲಾಗ್ ಜರುಗೇ ಮುಂಡೆ! ನಿನ್ ನೆಳ್ಳು ಬೀಳ್ತಾ ಐತೆ!"

ಮುದುಕವ್ವ ಮೊಮ್ಮಗಳನ್ನು ಎದೆಗವಚಿಕೊಂಡು ತಿರುಗಿದಳು. ತಾರಸಿಯ ಬಾಗಿಲಲ್ಲಿ ಮನೆಯೊಡತಿ ಅಶ್ವತ್ಥಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮೆಟ್ಟಿಲು ಹತ್ತಿ ಏದುಸಿರು ಬಂದಿದ್ದರೂ ಬೈಯುವಷ್ಟು ಉಸಿರನ್ನು ಆಕೆ ಹೇಗೋ ಉಳಿಸಿಕೊಂಡಿದ್ದಳು.

"ಯಾರ ಮ್ಯಾಲ ಬಿತ್ರಿ ನನ್ನ ನೆಳ್ಳ?" ಮುದುಕವ್ವ ಸುತ್ತ ನೋಡಿದಳು. ತಾರಸಿಯ ಮೇಲೆ ಇನ್ನೊಂದು ನರಪಿಳ್ಳೆ ಇರಲಿಲ್ಲ.

"ಯಾರ್ ಮೇಲೂ ಅಲ್ಲ, ಸೋಲಾರ್ ಮೇಲೆ! ಒಂದ್ ಅಲಗೆ ಮೇಲೆ ನೆಳ್ಳು ಬಿದ್ರೂ ಇಡೀ ಸಾಲೇ ಮಂಕಾಗೋಯ್ತದಂತೆ. ಎಂಜಿನಿಯರ್ ಬಂದು ನೋಡಿ, ಫೋಟೋ ತಕ್ಕೊಂಡ್ ಓದ್ರೇನೆ ಸಬ್ಸಿಡಿ ಬರಾದು. ಇಳಿ ಕೆಳೀಕೆ. ಇನ್ಮೇಲೆ ಈ ಬಾಗ್ಲಿಗೆ ಬೀಗ."

"ಕೂಸಿಗಿ ಎಳೀ ಬಿಸಲ ಕಾಸಾಕ ಬಂದೀನಿ, ಅಮ್ಮಾರ. ಕೆಳಗ ಬಿಸಲ ಎಲ್ಲೈತ್ರಿ?"

"ಬಿಸ್ಲು ಬೇಕಾದ್ರೆ ನಿಮ್ಮೂರಿಗೆ ಓಗು. ನಿಮ್ ರಾಯಚೂರ್ನಾಗೆ ಅದಕ್ಕೇನ್ ಬರಗಾಲ?"

ಮಾತು ಸುಳ್ಳಲ್ಲ. ಮುದುಕವ್ವನ ಊರಿನಲ್ಲಿ ಬಿಸಿಲು ಬೇಡವೆಂದರೂ ಬಿಡುವುದಿಲ್ಲ, ಇಲ್ಲದಿರುವುದು ಕೂಲಿ. ದುಡಿಯಲು ಬಂದ ಈ ಸಿಂಗಸಂದ್ರದಲ್ಲಿ ಕೂಲಿಗೆ ಕೊರತೆಯಿಲ್ಲ, ಬಿಸಿಲಿಗೆ ಕೊರತೆ. ಅಶ್ವತ್ಥಮ್ಮನ ವಠಾರದ ಕೆಳಗಿನ ಕೋಣೆಗಳ ಎರಡೂ ಪಕ್ಕ ಪೀಜಿ ಕಟ್ಟಡಗಳು ಎದ್ದಿದ್ದವು. ಅವುಗಳ ಗೋಡೆಗೆ ಗಾರೆ ಮೆತ್ತಿದವನು ಮುದುಕವ್ವನ ಮಗ ಯಮನೂರನೇ. ತನ್ನ ಕೋಣೆಗೆ ತಾನೇ ಕತ್ತಲೆ ಕಟ್ಟಿ, ಅದಕ್ಕೆ ಪಗಾರವನ್ನೂ ಎಣಿಸಿಕೊಂಡು ಬಂದಿದ್ದ ಮಹಾರಾಯ. ಆ ಕತ್ತಲೆಯಲ್ಲೇ ಅವನ ಹೆಂಡತಿ ಶಿವಗಂಗಾ ಬಾಣಂತಿಯಾಗಿದ್ದಳು. ದಿನ ತುಂಬುವ ಮುಂಚೆ ಹುಟ್ಟಿದ ಕೂಸು ಅಂಗೈಯಗಲ ಇತ್ತು. "ಥಂಡಿ ಆಗೋಕೆ ಬಿಡ್ಬೇಡಿ, ಬೆಚ್ಚಗೆ ಇಟ್ಕೊಳ್ಳಿ" ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದಳು. ಕೋಣೆಯ ಗೋಡೆ ಮುಟ್ಟಿದರೆ ಕೈಗೆ ನೀರು ಹತ್ತುತ್ತಿತ್ತು. ಕೂಸಿನ ಎದೆ ಗೊರಗೊರ ಅನ್ನುತ್ತಿತ್ತು. ರಾತ್ರಿಯೆಲ್ಲ ಅದಕ್ಕೆ ಕಿವಿಗೊಟ್ಟು ಮಲಗುತ್ತಿದ್ದ ಮುದುಕವ್ವನಿಗೆ ಭಯವಾಗಿತ್ತು, ನಿಜವಾದ ಭಯ.

ಬೀಗವೇನೋ ಬಿತ್ತು. ಆದರೆ ಸೋಲಾರ್ ಹಲಗೆಗೆ ದಿನಾ ಧೂಳು ಕೂರುತ್ತದೆ, ಅಶ್ವತ್ಥಮ್ಮನಿಗೆ ಬಗ್ಗಿದರೆ ಮಂಡಿ ಹಿಡಿಯುತ್ತದೆ. ಮರುದಿನ ಬೆಳಕು ಹರಿಯುವಾಗಲೇ ಆಕೆ ಕೆಳಗಿಳಿದು ಬಂದಳು.

"ಏಯ್ ಮುದ್ಕಿ, ದಿನಾ ಬಂದು ಅಲಗೆ ಒರ್ಸಿಕೊಟ್ ಓಗು. ಬಾಡ್ಗೆ ಜಾಸ್ತಿ ಮಾಡಿಲ್ವಲ್ಲ, ಆ ರುಣಕ್ಕೆ."

"ಒರಸುವಾಗ ನೆಳ್ಳ ಬೀಳತೈತಲ್ರಿ ಅಮ್ಮಾರ?"

"ಅದು ಕೆಲ್ಸದ ನೆಳ್ಳು ಕಣೇ. ಪರವಾಗಿಲ್ಲ."

ಕೆಲಸದ ನೆರಳು ಬೇರೆ, ಕೂಸಿನ ನೆರಳು ಬೇರೆ ಎಂಬ ಶಾಸ್ತ್ರ ಮುದುಕವ್ವನಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ಊರ ಪೂಜಾರಿ ಕೊಡ ಹೊತ್ತು ಬರುವುದನ್ನು ಕಂಡರೆ ಅವಳವ್ವ ಅವಳನ್ನು ದರದರ ಎಳೆದು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದಳು. ಕೇರಿಯವರ ನೆರಳು ಮಡಿನೀರಿನ ಮೇಲೆ ಬೀಳಬಾರದು. ಒಮ್ಮೆ ಬಿದ್ದೇಬಿಟ್ಟಿತು. ಪೂಜಾರಿ ಕೊಡ ಬೋರಲು ಹಾಕಿ, ಅವಳವ್ವನ ಜನ್ಮ ಜಾಲಾಡಿ, ಮತ್ತೆ ಬಾವಿಗೆ ಹೋದ. ಅದೇ ಪೂಜಾರಿಯ ಹೊಲದಲ್ಲಿ ಕೇರಿಯವರು ಕಳೆ ಕೀಳುವಾಗ ಬೆಳೆಯ ಮೇಲೆ ಬೀಳುತ್ತಿದ್ದ ನೆರಳಿಗೆ ಅವನ ತಕರಾರಿರಲಿಲ್ಲ. ಹುಡುಗಿ ಚೆಲ್ಲಿದ ನೀರನ್ನು ಬಗ್ಗಿ ನೋಡಿದ್ದಳು. ನೀರು ನೀರಿನ ಹಾಗೇ ಇತ್ತು. ತನ್ನ ನೆರಳಿನಲ್ಲಿ ಏನೂ ಇಲ್ಲ ಎಂದು ಅವತ್ತೇ ತಿಳಿದುಕೊಂಡಿದ್ದಳು.

ತಾರಸಿಯ ಗೋಡೆಯಲ್ಲಿ ಹಲಗೆಗಳ ಕರೆಂಟು ಅಳೆಯುವ ಒಂದು ಡಬ್ಬಿಯಿತ್ತು. ಬಿಸಿಲು ಏರಿದಂತೆ ಅದರಲ್ಲಿ ಅಂಕಿ ಏರುತ್ತಿತ್ತು. ಮುದುಕವ್ವನಿಗೆ ಅಕ್ಷರ ಬಾರದಿದ್ದರೂ ಬಸ್ಸಿನ ನಂಬರು ಓದಿ ಓದಿ ಅಂಕಿ ಬರುತ್ತಿತ್ತು. ಹಲಗೆಗಳು ಮೊಣಕಾಲೆತ್ತರದ ಕಂಬಿಗಳ ಮೇಲೆ ಓರೆಯಾಗಿ ಮಲಗಿದ್ದವು. ಅವಳು ಮೂಡಲ ಬದಿಗೆ ಬಂದು ಒರೆಸಲು ನಿಂತಾಗ ಅಂಕಿ ಸರ್ರನೆ ಇಳಿಯಿತು. ಸರಿದು ನಿಂತಳು, ಏರಿತು. ಮತ್ತೆ ಅಡ್ಡ ನಿಂತಳು, ಇಳಿಯಿತು. ಮುದುಕವ್ವ ಸೆರಗು ಬಾಯಿಗಿಟ್ಟುಕೊಂಡು ಒಬ್ಬಳೇ ನಕ್ಕಳು.

"ಗಂಗಾ, ಊರ ಪೂಜಾರಿ ಸುಳ್ಳ ಹೇಳಿದ್ದ ನೋಡವಾ. ಈ ಡಬ್ಬಿ ಖರೆ ಹೇಳತೈತಿ" ಎಂದು ಕೆಳಗೆ ಬಂದು ಸೊಸೆಗೆ ಹೇಳಿದಳು. ಶಿವಗಂಗಾಗೆ ಅರ್ಥವಾಗಲಿಲ್ಲ. ಕೂಸು ಆಗ ಕೆಮ್ಮುತ್ತಿತ್ತು.

ಎಂಜಿನಿಯರ್ ಗುರುರಾಜ್ ಬರುವ ದಿನ ಅಶ್ವತ್ಥಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಹಲಗೆಗಳಿಗೆ ಅರಿಶಿನ ಕುಂಕುಮ ಹಚ್ಚಿ ಮಾರುದ್ದದ ಚೆಂಡು ಹೂವಿನ ಹಾರ ಹಾಕಿಸಿದ್ದಳು.

"ಮೇಡಂ, ಮೊದ್ಲು ಹಾರ ತೆಗೀರಿ, ಶೇಡ್ ಆಗುತ್ತೆ" ಅಂದ ಗುರುರಾಜ್. ಹೂವಿನ ನೆರಳೂ ನೆರಳೇ ಎಂದು ಆಗ ಗೊತ್ತಾಯಿತು. ಹಾರ ತೆಗೆದು ಕೊಟ್ಟವಳು ಮುದುಕವ್ವ. ಹಲಗೆ ಒರೆಸಿ ಆಗಿತ್ತು, ಇನ್ನು ಕೆಳಗೆ ಹೋಗೆಂದು ಅಶ್ವತ್ಥಮ್ಮ ಕಣ್ಣಲ್ಲೇ ಅಟ್ಟಿದಳು. ಮುದುಕವ್ವ ಹೋದಳು. ಹೋದಷ್ಟೇ ಬೇಗ ತಿರುಗಿ ಬಂದಳು, ಎಣ್ಣೆ ಹಚ್ಚಿದ ಕೂಸಿನ ಜೊತೆ. ಬಂದವಳು ಮೂಡಲ ಬದಿಯ ಅಗಲ ಕಟ್ಟೆಯ ಮೇಲೆ, ಸೂರ್ಯನಿಗೆ ಮುಖ ಮಾಡಿ, ಹಲಗೆಗೆ ಬೆನ್ನು ಕೊಟ್ಟು ಚಕ್ಕಂಬಕ್ಕಳ ಹಾಕಿ ಕೂತಳು.

ಗುರುರಾಜ್ ಡಬ್ಬಿ ತಟ್ಟಿ ನೋಡಿದ. "ಏನ್ ಮೇಡಂ ಇದು, ಇಳೀತಾ ಇದೆ?"

"ಎದ್ದೇಳೇ ದರಿದ್ರದೋಳೆ!" ಅಶ್ವತ್ಥಮ್ಮ ಕೂಗಿದಳು. "ಸಾಯೇಬ್ರು ಇದಾರೆ, ಕಣ್ ಕಾಣಾಕಿಲ್ವಾ?"

"ಕಾಣತಾರ್ರಿ. ನೀವ ನೆಳ್ಳಿನಾಗ ನಿಲ್ರಿ ಸಾಹೇಬ್ರ, ಪುಕ್ಕಟೆ ಐತಿ." ಮುದುಕವ್ವ ಕೂಸಿನ ಎದೆ ನೀವುತ್ತಾ ಹೇಳಿದಳು. "ಅಮ್ಮಾರ, ದಿನಾ ಮುಂಜಾನಿ ಈ ಬಾಗಲ ತೆರದಿರಬೇಕ. ಕೂಸಿನ ಕಾಸತೀವಿ, ಅರಿವಿ ಒಣಗಸತೀವಿ. ಆ ತುದೀಗಿ ಕುಂದರತೀವಿ, ನಿಮ್ಮ ಹಲಗಿಗಿ ನೆಳ್ಳ ಬೀಳೂದಿಲ್ಲ. ಇಷ್ಟ ಮಾತ ಕೊಡ್ರಿ, ಏಳತೀನಿ."

"ನನ್ ತಾರಸಿ ಮೇಲೆ ನಂಗೇ ಷರತ್ತಾ? ನಾಳೇನೇ ಕೋಣೆ ಖಾಲಿ ಮಾಡು!"

"ನಾಳೀದು ನಾಳಿಗಿ. ಇವತ್ತ ಬಿಸಲ ಚಲೋ ಐತಿ."

ಖಾಲಿ ಮಾಡು ಎಂಬ ಮಾತು ಮೆಟ್ಟಿಲಿಳಿದು ಕೆಳಗಿನ ಕೋಣೆಗಳನ್ನೆಲ್ಲ ಹೊಕ್ಕಿತು. ಮೊದಲು ಬಂದವಳು ಶಿವಗಂಗಾ. ತಲೆಗೆ ಬಟ್ಟೆ ಬಿಗಿದುಕೊಂಡು, ಗೋಡೆ ಹಿಡಿದು ಮೆಟ್ಟಿಲೇರಿ ಬಂದು ಅತ್ತೆಯ ಪಕ್ಕ ಕೂತಳು. ಆಮೇಲೆ ಪಕ್ಕದ ಕೋಣೆಯ ಹೆಂಗಸು ಒದ್ದೆ ಕೌದಿ ಹೊತ್ತು ಬಂದಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಸೆಕ್ಯೂರಿಟಿ ಗದಿಗೆಪ್ಪ ಕಣ್ಣುಜ್ಜುತ್ತಾ ಬಂದ. ಕಟ್ಟೆಯುದ್ದಕ್ಕೂ ಸೂರ್ಯನಿಗೆ ಮುಖ ಮಾಡಿ ಸಾಲಾಗಿ ಕೂತರು. ಹಲಗೆಗಳ ಮೇಲೆ ಅವರ ನೆರಳು ಸಾಲಾಗಿ ಮಲಗಿತು.

"ಮೇಡಂ, ಇನ್ನೂ ಮೂರ್ ಮನೆ ನೋಡೋದಿದೆ. ಇವತ್ತು ಆಗ್ಲಿಲ್ಲ ಅಂದ್ರೆ ಮತ್ತೆ ನಿಮ್ ಸರದಿ ಯಾವಾಗ್ಲೋ" ಅಂದ ಗುರುರಾಜ್. ನಗು ಕಾಣದ ಹಾಗೆ ಅವನು ಮೊಬೈಲಿನಲ್ಲಿ ಮುಖ ಹುದುಗಿಸಿದ್ದ.

ಅಶ್ವತ್ಥಮ್ಮ ಡಬ್ಬಿಯನ್ನು ನೋಡಿದಳು. ಬಾಡಿಗೆಯವರ ಸಾಲನ್ನು ನೋಡಿದಳು. ಎಲ್ಲರನ್ನೂ ಒಟ್ಟಿಗೆ ಖಾಲಿ ಮಾಡಿಸಿದರೆ ವಠಾರವೇ ಖಾಲಿ. ಸೊಂಟದಿಂದ ಬೀಗದ ಕೈ ಕಿತ್ತು ಮುದುಕವ್ವನ ಮುಂದೆ ಎಸೆದಳು.

"ತಗೋ, ತೆಕ್ಕೊಂಡ್ ಸಾಯಿ! ಈಗಾದ್ರೂ ಜರುಗ್ತೀಯಾ?"

ಇದು ಈ ಹೊತ್ತಿನ ಮಾತೋ, ಎಂಜಿನಿಯರ್ ಗೇಟು ದಾಟುವವರೆಗಿನ ಮಾತೋ, ದೇವರೇ ಬಲ್ಲ. ಮುದುಕವ್ವ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಅವಸರವಿಲ್ಲದೆ ಎರಡೂ ಕಾಲು ಚಾಚಿ, ಕೂಸನ್ನು ಬೋರಲು ಮಲಗಿಸಿಕೊಂಡಳು.

"ತಡೀರಿ ಅಮ್ಮಾರ, ಇನ್ನ ಬೆನ್ನ ಕಾಸೂದೈತಿ."