ಖಣದ ಫೈಲಿನ ಮುಖ

ನಾನು ಒಂದು ಪುಟ್ಟ ಚಿತ್ರ. ಕಂಪ್ಯೂಟರಿನ ಪರದೆಯಲ್ಲಿ ಫೈಲಿನ ಹೆಸರಿನ ಮೇಲೆ ಕೂರುವ ಐಕಾನು. ಕುಪ್ಪಸದ ಖಣ ನೇಯುವವರ ವಿನ್ಯಾಸಗಳಿಗಾಗಿ ಹುಬ್ಬಳ್ಳಿಯ ಶಾಂಭವಿ ಒಂದು ತಂತ್ರಾಂಶ ಬರೆದಳು. ಆಗಲೇ ನನ್ನನ್ನೂ ಬಿಡಿಸಿದಳು. ಕುಂಕುಮದ ಬಣ್ಣದ ಮೈ, ಹಸಿರು ಅಂಚು, ನಡುವೆ ಒಂದು ಹೂವು. ಮೊದಲು ಆ ಹೂವಿಗೆ ತುಂಬ ಎಸಳುಗಳಿದ್ದವು. ಚಿಕ್ಕದು ಮಾಡಿದಾಗ ಹೂವು ಹೋಗಿ ಕಲೆಯಂತೆ ಕಂಡಿತು. "ಪಾಪ, ಇಷ್ಟು ಸಣ್ಣ ಮೈಗೆ ನಾಲ್ಕ ಸಾಕು" ಎಂದು ಅವಳು ಉಳಿದವನ್ನು ಅಳಿಸಿದಳು.

ಹುಟ್ಟಿದ ಕೂಡಲೇ ನನಗೆ ಕೆಲಸ ಸಿಗಲಿಲ್ಲ. ಖಣದ ಫೈಲುಗಳಿಗೆಲ್ಲ ಇದೇ ಮುಖ ಎಂದು ಕಂಪ್ಯೂಟರಿಗೆ ಹೇಳಿಕೊಡಬೇಕಿತ್ತು. ಶಾಂಭವಿ ಅದನ್ನು ಆಮೇಲೆ ಮಾಡಿದರಾಯಿತು ಎಂದು ಬಿಟ್ಟಳು. ಹಾಗಾಗಿ ಗುಳೇದಗುಡ್ಡದಲ್ಲಿ ಖಣ ನೇಯುವ ಗೌರಕ್ಕನ ಮನೆ ಸೇರಿದಾಗ ನಾನು ತಂತ್ರಾಂಶದೊಳಗೇ ಮುದುಡಿಕೊಂಡಿದ್ದೆ. ಹೊರಗೆ ವಿನ್ಯಾಸಗಳೆಲ್ಲ ಬರಿಯ ಬಿಳಿ ಹಾಳೆಗಳಾಗಿ ಕಾಣುತ್ತಿದ್ದವು. ಅವುಗಳಲ್ಲಿ ಗೌರಕ್ಕನ ಅತ್ತೆ ಸಂಗವ್ವಜ್ಜಿ ಹರೆಯದಲ್ಲಿ ಬರೆದ ಮಲ್ಲಿಗೆ ಬಳ್ಳಿಯೂ ಒಂದು. ಮೂಲದ ಕಾಗದವನ್ನು ಗೆದ್ದಲು ತಿಂದಿತ್ತು; ಉಳಿದಿದ್ದು ಈ ಫೈಲು ಮಾತ್ರ. ನನಗೆ ಸದಾ ಅದರದೇ ದಿಗಿಲು.

ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತು. ಗೌರಕ್ಕನ ಗಂಡ ಮಹಾಲಿಂಗಪ್ಪ ಮಗ್ಗ ಒರೆಸಿದ, ಕತ್ತರಿ ಒರೆಸಿದ, ಕಂಪ್ಯೂಟರನ್ನೂ ಒರೆಸಿದ. ಅಷ್ಟಕ್ಕೇ ಬಿಡದೆ ಅದರ ಒಳಗೂ ಕಣ್ಣಾಡಿಸಿದ.

"ಏ ಗೌರಿ, ಬರೀ ಖಾಲಿ ಹಾಳಿ ತುಂಬಿಟ್ಟೀಯಲ್ಲ! ಹಬ್ಬದ ದಿನ ಒಳಗೂ ಹಸನ ಆಗಲಿ."

ಎಲ್ಲವನ್ನೂ ಪರದೆಯ ಕಸದ ಬುಟ್ಟಿಗೆ ತಳ್ಳಿದ. ಬುಟ್ಟಿಯನ್ನೂ ಖಾಲಿ ಮಾಡಲು ಕೈಯಿಟ್ಟಿದ್ದ, ಅಷ್ಟರಲ್ಲಿ ಅಡುಗೆಮನೆಯಿಂದ ಗೌರಕ್ಕ ಕೂಗಿದಳು: "ಮಂಗಳಾರತಿಗೆ ಹೊತ್ತಾತು, ಮಷಿನ್ ಬಂದ್ ಮಾಡಿ ಬರ್ರೀ!"

ಕಂಪ್ಯೂಟರು ಆರಿತು. ಅದಕ್ಕೆ ವಿಭೂತಿ ಬಳಿದು ಹೂ ಏರಿಸಿದರು. ಪೂಜೆಗಿಟ್ಟ ಸಾಮಾನನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಆ ಪದ್ಧತಿಯನ್ನು ನಾನು ಇಂದಿಗೂ ಕೈಮುಗಿದು ನೆನೆಯುತ್ತೇನೆ.

ಮರುದಿನ ಗೌರಕ್ಕ ತೆರೆದು ನೋಡಿದರೆ ಏನೂ ಇಲ್ಲ.

"ಅತ್ತಿಯವರ ಬಳ್ಳಿ ಎಲ್ಲೈತ್ರೀ?"

"ಯಾವ ಬಳ್ಳಿ? ಖಾಲಿ ಹಾಳಿ ಅಷ್ಟ ತಗದೀನಿ."

"ಖಾಲಿ ಇರೋದು ನಿಮ್ಮ ತಲಿ!" ಎಂದವಳೇ ಶಾಂಭವಿಗೆ ಫೋನು ಹಚ್ಚಿದಳು.

"ಅಕ್ಕಾ, ಏನೂ ಒತ್ತಬ್ಯಾಡ್ರಿ. ಕಸದ ಬುಟ್ಟಿ ಖಾಲಿ ಮಾಡೀರೇನು?"

"ಇಲ್ಲವ್ವ, ಅಷ್ಟರಾಗ ಇವರು ಪೂಜಿಗೆ ಎದ್ದು ಬಂದ್ರು."

ಬುಟ್ಟಿಯಿಂದ ಫೈಲುಗಳನ್ನು ಹೊರತೆಗೆಯುವುದನ್ನು ಶಾಂಭವಿ ಫೋನಿನಲ್ಲೇ ಹೇಳಿಕೊಟ್ಟಳು. ಬಳ್ಳಿ ಮರಳಿ ಬಂತು. ಕೆಲವೇ ದಿನಗಳಲ್ಲಿ ಶಾಂಭವಿಯೂ ಬಂದು ನನ್ನನ್ನು ಫೈಲುಗಳಿಗೆ ಜೋಡಿಸಿದಳು. ಒಮ್ಮೆಲೇ ಎಲ್ಲ ಫೈಲುಗಳ ಮೇಲೂ ನಾನೇ! ಮಹಾಲಿಂಗಪ್ಪ ಆಮೇಲೆ ಯಾವುದನ್ನೂ ಅಳಿಸಲಿಲ್ಲ.

ವರ್ಷಗಳು ಕಳೆದವು. ಹೊಸ ತಂತ್ರಾಂಶದಲ್ಲಿ ಫೈಲು ತೆರೆಯುವ ಮೊದಲೇ ಒಳಗಿನ ವಿನ್ಯಾಸ ಚಿಕ್ಕದಾಗಿ ಕಾಣುತ್ತದೆ. ಅದು ಬಂದ ದಿನ ಸಂಗವ್ವಜ್ಜಿ ಸ್ಟೂಲಿನ ಮೇಲೆ ಕೂತು, ಅಷ್ಟೂ ವಿನ್ಯಾಸಗಳ ನಡುವೆ ಒಂದರ ಮೇಲೆ ಬೆರಳಿಟ್ಟಳು.

"ಇದು ನಂದು. ಹೆಸರು ಓದಾಕ ಬರಂಗಿಲ್ಲ ನನಗ. ನನ್ನ ಕೈ ನನಗ ಗುರ್ತು ಸಿಗಂಗಿಲ್ಲೇನು?"

ನಾನು ಅವಳ ಬಳ್ಳಿಯನ್ನು ಕಾಯಬಲ್ಲವನಾಗಿದ್ದೆ, ಅವಳಿಗೆ ತೋರಿಸಬಲ್ಲವನಾಗಿರಲಿಲ್ಲ. ಎಲ್ಲ ಫೈಲಿಗೂ ನನ್ನದೊಂದೇ ಮುಖವಿತ್ತಲ್ಲ.

ಈಗ ವಿನ್ಯಾಸ ಮೂಡುವವರೆಗಿನ ಅರೆಕ್ಷಣ ಮಾತ್ರ ನಾನು ನಿಲ್ಲುತ್ತೇನೆ. ಸರಿದುಹೋಗುವಾಗ, ಅಜ್ಜಿಯ ಬಳ್ಳಿ ಸರಿಯಾಗಿ ಬಂತೇ ಎಂದು ಒಮ್ಮೆ ತಿರುಗಿ ನೋಡುತ್ತೇನೆ.