ಮೂರನೇ ಮಹಡಿಯ ಹಿಂಬಾಗಿಲು

ಪಾಲಿಯೆಸ್ಟರ್, ಇದು ಪಾಲಿಯೆಸ್ಟರೇ ಅಂದುಕೊಂಡೆ, ಯಾರೋ ಕಸಕ್ಕೆ ಬೆಂಕಿ ಹಾಕಿದ್ದಾರೆ ಕಣ್ರೀ ಅನ್ನುತ್ತ ಮೂಗು ಮುಚ್ಚಿಕೊಂಡು ಒಬ್ಬ ಪಕ್ಕದಲ್ಲೇ ಹಾದುಹೋದ, ಅವನಿಗೇನು ಗೊತ್ತು, ಹತ್ತಿ ಸುಟ್ಟರೆ ಕಾಗದ ಸುಟ್ಟ ಹಾಗೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ಹಾಗೆ, ಇದು ಮಾತ್ರ ಹೀಗೆ ಗಂಟಲಲ್ಲಿ ಬಂದು ಕೂರುವ ಸಿಹಿ, ಹಾಳು ಸಿಹಿ — ಇಪ್ಪತ್ತೆರಡು ವರ್ಷ ಬಟ್ಟೆಯಂಚಿನ ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದು ಮೂಸಿದ ಮೂಗು ಇದು, ಮೋಸ ಹೋಗುವುದಿಲ್ಲ. ಚೆನ್ನಾಗಿ ನಡೆಯಿರಿ, ದಿನಕ್ಕೆ ಒಂದು ಗಂಟೆ ನಡೆದರೆ ಮಂಡಿ ದಾರಿಗೆ ಬರುತ್ತೆ ಅಂದಿದ್ದರು ಡಾಕ್ಟರು, ಬಂದಿದೆ, ಇವತ್ತು ಎಲ್ಲೂ ಕೂರದೆ ಗುಂಡಿ ಅಂಗಡಿಯವರೆಗೂ ಹೋಗಿ ಮನೆಯಲ್ಲಿ ಹೊಲಿಯುತ್ತಿರುವ ಮೇಷ್ಟ್ರ ಕೋಟಿಗೆ ಆರು ಕಂದು ಗುಂಡಿ ತಂದೆ, ಕೈಚೀಲದಲ್ಲಿವೆ, ಸಂಜೆಯೊಳಗೆ ಕೋಟು ಕೊಡಬೇಕು, ಆ ಮೇಷ್ಟ್ರು ಎರಡು ಸಲ ಬಂದು ಹೋಗಿದ್ದಾರೆ — ಆದರೆ ಇಷ್ಟು ವಾಸನೆ ಬರಬೇಕಾದರೆ ಒಂದು ಅಂಗಿಯಲ್ಲ, ಹತ್ತು ಅಂಗಿಯಲ್ಲ, ಥಾನುಗಟ್ಟಲೆ ಉರಿಯುತ್ತಿರಬೇಕು, ಎಲ್ಲಿ, ಅಗೋ, ಬ್ಯಾಂಕಿನ ಕಟ್ಟಡದ ಹಿಂದೆ, ಕಪ್ಪು ಬಟ್ಟೆಯ ಥಾನನ್ನೇ ಯಾರೋ ಕೆಳಗಿನಿಂದ ಮೇಲಕ್ಕೆ ಬಿಚ್ಚುತ್ತಿರುವ ಹಾಗೆ, ಬಿಚ್ಚುತ್ತಲೇ ಇದ್ದಾರೆ, ಮುಗಿಯುವುದೇ ಇಲ್ಲ — ಬ್ಯಾಂಕಿನ ಹಿಂದೆ ಸ್ಕೂಲು, ಸ್ಕೂಲಿನ ಹಿಂದೆ ಪ್ರೆಸ್ಸು, ಪ್ರೆಸ್ಸಿನ ಹಿಂದೆ — ಒಂಬತ್ತು ವರ್ಷದಿಂದ ಆ ಬೀದಿಗೆ ಕಾಲಿಟ್ಟಿಲ್ಲ, ಗುಂಡಿ ತರುವುದಕ್ಕೂ ಸುತ್ತಿ ಬಳಸಿ ಬರುತ್ತೇನೆ, ಈಗ ನೋಡು, ಯಾರನ್ನೂ ಕೇಳದೆ ಕಾಲು ತಾನಾಗಿಯೇ ತಿರುಗಿತು, ಮಂಡಿ ಎಲ್ಲಿದೆಯೋ ಏನೋ, ಓಡುತ್ತಿದ್ದೇನೆ, ಐವತ್ತೆಂಟು ವರ್ಷಕ್ಕೆ ಓಡುತ್ತಿದ್ದೇನೆ, ಅಲ್ಲಿ ಮೂರನೇ ಮಹಡಿಯಲ್ಲಿ ನನ್ನ ತಂಗಿ ಇದ್ದಾಳೆ.

ನನಗೆ ತಂಗಿ ಇಲ್ಲ ಅಂದವಳು ನಾನೇ. ನಾಲ್ಕು ಜನರೆದುರು, ನಾಲ್ಕೇನು, ನೂರು ಜನರೆದುರು — ಬಿಡು, ಈಗ ಅದಲ್ಲ, ಜನ, ಎಷ್ಟೊಂದು ಜನ, ಎಲ್ಲರ ಕೈಯಲ್ಲೂ ಮೊಬೈಲು, ಮೂರು ಕೆಂಪು ಗಾಡಿ, ಹಾವಿನ ಹಾಗೆ ಬೀದಿ ತುಂಬ ಬಿದ್ದ ಪೈಪು, ನಾನು ದುಡಿದ ಗಾರ್ಮೆಂಟ್ಸಿನ ಗೋದಾಮಿನ ಶಟರಿನ ಸಂದಿಯಲ್ಲಿ ಬೆಂಕಿ, ಮೊದಲನೇ ಮಹಡಿಯ ಕಟಿಂಗ್ ಹಾಲಿನ ಗಾಜು ಟಪ್ ಟಪ್ ಎಂದು ಒಡೆದು ಬೀಳುತ್ತಿದೆ, ನಾನು ಒರೆಸಿದ್ದ ಗಾಜು, ಮುಂದಿನ ಮೆಟ್ಟಿಲಿನ ಬಾಯಿಂದ ಹೊಗೆ ಬಕ್ಕನೆ ಹೊರಬಂದು ಒಳಗೆ ಹೊರಟ ಇಬ್ಬರು ಬೆಂಕಿ ಆರಿಸುವ ಸಿಬ್ಬಂದಿಯನ್ನು ಹಿಂದಕ್ಕೆ ತಳ್ಳಿತು. ಅಮ್ಮಾ ಹಿಂದೆ ಸರೀರಿ, ಪೊಲೀಸಿನವನು ಕೈ ಅಡ್ಡ ಹಿಡಿದ, ಒಳಗೆ ಯಾರಪ್ಪ ಇದ್ದಾರೆ, ಕಟಿಂಗಿನವರು ಇಸ್ತ್ರಿಯವರು ಎಲ್ಲ ಓಡಿ ಬಂದ್ರು ಕಣಮ್ಮ, ಮೂರನೇ ಮಹಡಿ ಹೊಲಿಗೆಯವರು ಮಾತ್ರ ಬಂದಿಲ್ಲ, ನೂರು ನೂರೈವತ್ತು ಹೆಂಗಸರಂತೆ, ಮೆಟ್ಟಿಲೇ ಇಲ್ವಲ್ಲ ಈಗ. ಪಕ್ಕದಲ್ಲಿ ಒಬ್ಬಳು ಬಾಯಿಗೆ ಕೈ ಹಿಡಿದು, ಹೋದ್ರು ಪಾಪ, ಎಲ್ಲ ಹೋದ್ರು ಅಂದಳು, ಬಾಯಿ ಮುಚ್ಚು ಅಂದೆ, ಗುರುತಿಲ್ಲದ ಹೆಂಗಸಿಗೆ, ಬಾಯಿ ಮುಚ್ಚೇ, ಹಿಂದೆ ಬಾಗಿಲಿದೆ! ಹಿಂಬಾಗಿಲಿದೆ, ಮೂರನೇ ಮಹಡಿಗೆ, ಕಬ್ಬಿಣದ ಮೆಟ್ಟಿಲು ಓಣಿಗೆ ಇಳಿಯುತ್ತೆ — ಇದ್ಯಾ? ಎಲ್ಲಿ? ಇದೆ, ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು, ಬೀಗ ಹಾಕಿರದಿದ್ದರೆ ಇದೆ.

ಬೀಗ ಹಾಕಿರದಿದ್ದರೆ. ಆವತ್ತು ಹಾಕಿತ್ತು. ಇಸ್ತ್ರಿ ಹಲಗೆಯ ಹೊದಿಕೆಗೆ ಕಿಡಿ ಬಿದ್ದು ಹೊಗೆ ಮೇಲೆ ಬಂದಾಗ ನಾವೆಲ್ಲ ಆ ಬಾಗಿಲಿಗೆ ಹೋಗಿ ಬಿದ್ದಿದ್ದೆವು, ಬೀಗದ ಕೈ ಮ್ಯಾನೇಜರನ ಜೇಬಿನಲ್ಲಿ, ಮ್ಯಾನೇಜರು ಟೀ ಕುಡಿಯುವುದಕ್ಕೆ ಹೊರಗೆ, ಬೆನ್ನ ಹಿಂದೆ ಅಷ್ಟೂ ಜನರ ಭಾರ, ನನ್ನ ಮುಖ ತಗಡಿಗೆ ಒತ್ತಿ ಹೋಗಿತ್ತು, ಎರಡೂ ಅಂಗೈಯಲ್ಲಿ ಬಡಿದೆ ಬಡಿದೆ. ಎರಡು ಬಕೆಟ್ ನೀರಿಗೆ ಬೆಂಕಿ ಆರಿತು, ಸಂಜೆ ಹೊತ್ತಿಗೆ ಎಲ್ಲರೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು, ನನಗೆ ನಗು ಬರಲಿಲ್ಲ, ಎರಡು ದಿನ ಸೂಜಿ ಹಿಡಿಯಲಾಗದ ಹಾಗೆ ಅಂಗೈ ಊದಿತ್ತು. ಗಡಿಯಾರ ಅಂತ ಕರೆಯುತ್ತಿದ್ದೆವು ಆ ಮ್ಯಾನೇಜರನ್ನು, ಮಾತಾಡುವಾಗಲೂ ಕೈಗಡಿಯಾರ ನೋಡುತ್ತಿದ್ದ, ಬಾಗಿಲು ತೆಗೆದಿಟ್ರೆ ನೀವು ಹೊರಗೆ ನಿಂತು ಹರಟೆ ಹೊಡೀತೀರಿ, ಬಟ್ಟೆ ಕದ್ದು ಕೆಳಗೆ ಎಸೀತೀರಿ, ಸಾರ್ ಬೆಂಕಿ ನಿಮ್ಮ ಹತ್ರ ಬೀಗದ ಕೈ ಕೇಳ್ಕೊಂಡು ಬರಲ್ಲ, ಆಯ್ತಮ್ಮ ನೋಡೋಣ ನಡಿ. ಹದಿನೈದು ದಿನ ನೋಡೋಣ. ಹದಿನಾರನೇ ದಿನ ಮೆಷಿನ್ ರಿಪೇರಿಯವನ ಹತ್ತಿರ ಗರಗಸ ತೆಗೆದುಕೊಂಡು ಊಟದ ಹೊತ್ತಿನಲ್ಲಿ ನಾನೇ ಕೊಯ್ದೆ ಬೀಗವನ್ನು, ಗಡಿಯಾರನ ಮೇಜಿನ ಮೇಲೆ ಇಟ್ಟು ಬಂದೆ, ಬಂದು ನನ್ನ ಮೆಷಿನ್ ನಿಲ್ಲಿಸಿದೆ, ತಳ್ಳಿದರೆ ತೆರೆಯುವ ಬಾಗಿಲು ಹಾಕುವ ತನಕ ಹೊಲಿಯಲ್ಲ ಅಂದೆ — ಪಕ್ಕದವಳು ನಿಲ್ಲಿಸಿದಳು, ಅವಳ ಪಕ್ಕದವಳು, ಸಾಲಿಗೆ ಸಾಲು, ಆ ಗದ್ದಲ ಸ್ವಲ್ಪ ಸ್ವಲ್ಪವೇ ಕರಗಿ ಕರಗಿ ಕಡೆಗೆ ಒಂದೇ ಮೆಷಿನ್ ಸದ್ದು ಉಳಿಯಿತು, ಕಿಟಕಿ ಪಕ್ಕದ್ದು, ನನ್ನ ತಂಗಿಯದು. ನಿಲ್ಲಿಸೇ ಅಂದೆ. ಆಗಲ್ಲಕ್ಕ ಅಂದಳು ತಲೆ ಎತ್ತದೆ, ನಿಂಗೆ ಭಾವ ಇದ್ದಾರೆ, ನಂಗ್ಯಾರಿದ್ದಾರೆ, ಎರಡು ಮಕ್ಕಳು ಮನೇಲಿ ಕಾಯ್ತಿರ್ತಾವೆ. ನಾನು ಹೇಳಬಾರದ ಮಾತು ಹೇಳಿದೆ, ಅವಳು ಹೊಲಿಯುತ್ತಲೇ ಇದ್ದಳು. ಮೂರನೇ ದಿನ ಅವರೇ ಬಂದು ಹೊಸ ಬಾಗಿಲು ಕೂರಿಸಿದರು, ಎದೆಮಟ್ಟಕ್ಕೆ ಅಡ್ಡಪಟ್ಟಿ ಇರುವಂಥದ್ದು, ಮೈ ಒರಗಿಸಿದರೂ ಸಾಕು ತೆರೆಯುತ್ತದೆ, ಅದೇ ಮಧ್ಯಾಹ್ನ ನನ್ನ ಕೈಗೆ ಕಾಗದ ಕೊಟ್ಟು ಮುಂಬಾಗಿಲಿನಿಂದ ಕಳಿಸಿದರು. ಒಂದು ಬಾಗಿಲಿಗೋಸ್ಕರ ಕೆಲಸ ಕಳ್ಕೊಂಡವಳು ಈ ಊರಲ್ಲಿ ನೀನೊಬ್ಬಳೇ ಇರಬೇಕು ಅಂತ ನನ್ನ ಗಂಡ ಇವತ್ತಿಗೂ ನಗುತ್ತಾರೆ, ನಗಲಿ, ಆದರೆ ಒಂಬತ್ತು ವರ್ಷದಲ್ಲಿ ಎಷ್ಟು ಸಲ ನಿದ್ದೆಗೆಟ್ಟು ಅಂದುಕೊಂಡಿಲ್ಲ, ಮತ್ತೆ ಬೀಗ ಹಾಕಿರುತ್ತಾರೆ, ನಾನು ಈಚೆ ಬಂದ ಮಾರನೇ ದಿನವೇ ಹಾಕಿರುತ್ತಾರೆ, ನನ್ನದು ಬರೀ ಹುಚ್ಚು.

ಪ್ರೆಸ್ಸಿನ ಗೋಡೆ, ಚರಂಡಿ, ಓಣಿ ಇಷ್ಟು ಉದ್ದವಿತ್ತೇ, ಗೋಡೆ ಹಿಡಿದುಕೊಂಡು, ಉಸಿರಿಗೆ ಹೊಗೆ, ತಲೆ ಎತ್ತಿ ನೋಡುವುದಕ್ಕೆ ಧೈರ್ಯವಿಲ್ಲ, ನೋಡು, ನೋಡೇ — ತೆರೆದಿದೆ! ತೆರೆದಿದೆ, ಬಾಗಿಲು ಗೋಡೆಗೆ ಆತುಕೊಂಡು ಹಾರು ಹೊಡೆದು ನಿಂತಿದೆ, ಮೆಟ್ಟಿಲ ತುಂಬ ಹೆಂಗಸರು, ಮೂರು ಮಹಡಿ ಉದ್ದಕ್ಕೂ ಹೆಂಗಸರು, ಒಬ್ಬಳ ಹೆಗಲ ಮೇಲೆ ಹಿಂದಿನವಳ ಕೈ, ಅವಳ ಹೆಗಲ ಮೇಲೆ ಅವಳ ಹಿಂದಿನವಳ ಕೈ, ಯಾರೂ ನೂಕುತ್ತಿಲ್ಲ, ಯಾರೂ ಕಿರುಚುತ್ತಿಲ್ಲ — ಆದರೆ ಇಳಿಯುತ್ತಲೂ ಇಲ್ಲ, ಯಾಕೆ ನಿಂತಿದ್ದಾರೆ, ಎರಡನೇ ಮಹಡಿಯ ಕಿಟಕಿಯಿಂದ ಹೊಗೆ ಅವರ ಮುಖಕ್ಕೇ ಹೊಡೆಯುತ್ತಿದೆ, ಯಾಕ್ರೇ ನಿಂತ್ರಿ, ಲಾರಿ ಅಕ್ಕಾ, ಲಾರಿ, ಕೊನೆ ಮೆಟ್ಟಿಲಿಗೆ ಹಿಂಭಾಗ ಒತ್ತಿ ಯಾವನೋ ಲಾರಿ ನಿಲ್ಲಿಸಿ ಹೋಗಿದ್ದಾನೆ, ಒಂದು ಗೇಣು ಸಂದಿ, ಸಣ್ಣವಳೊಬ್ಬಳು ಅಡ್ಡಡ್ಡ ತೂರಿ ಬಂದಳು, ಅವಳ ಹಿಂದಿನವಳು ತುಂಬು ಗರ್ಭಿಣಿ, ಅಲ್ಲೇ ಸಿಕ್ಕಿ ನಿಂತಿದ್ದಾಳೆ. ಡ್ರೈವರ್ ಇಲ್ಲ, ಅವನೂ ಮುಂದುಗಡೆ ಬೆಂಕಿ ನೋಡುವುದಕ್ಕೆ ಹೋಗಿರುತ್ತಾನೆ. ಓಣಿಯ ಬಾಯಿಗೆ ಬಂದು ನಿಂತು ಕೂಗಿದೆ, ಲಾರಿ ಯಾರ್ದು, ಹಿಂದಿನ ಓಣಿ ಲಾರಿ ಯಾರದ್ರೋ — ನೂರು ಮೆಷಿನ್ ಓಡುತ್ತಿರುವಾಗ ಕೊನೆಯ ಸಾಲಿನವಳಿಗೆ ನೂಲು ಮುಗಿಯಿತು ಅಂತ ಹೇಳಿ ಬೆಳೆದ ಗಂಟಲು, ಮನೆಯಲ್ಲಿ ಯಾಕಿಷ್ಟು ಜೋರಾಗಿ ಮಾತಾಡ್ತೀಯ ನಾನೇನು ಕಿವುಡನಾ ಅಂತ ಬೈಸಿಕೊಂಡ ಗಂಟಲು, ಗಾಡಿಗಳ ಗಂಟೆಯನ್ನೂ ಪಂಪಿನ ಸದ್ದನ್ನೂ ಸೀಳಿಕೊಂಡು ಹೋಯಿತು, ಇಡೀ ಬೀದಿ ತಿರುಗಿ ನೋಡಿತು, ಅಯ್ಯೋ ನಂದೇ ಕಣಮ್ಮ, ಒಬ್ಬ ದಪ್ಪ ಮನುಷ್ಯ ಚಪ್ಪಲಿ ಬಿಟ್ಟು ಓಡಿ ಬಂದ, ಅವಸರಕ್ಕೆ ತಪ್ಪು ಕೀಲಿ ತುರುಕುತ್ತಿದ್ದಾನೆ, ನಿಧಾನ ಅಣ್ಣ, ಹಿಂದೆ ಬರಬೇಡ, ಮುಂದೆ ಹೋಗು, ಮುಂದೆ, ಇನ್ನೂ ಮುಂದೆ — ಹೋಯಿತು ಲಾರಿ.

ಮತ್ತೆ ಅವರು ಇಳಿದರು, ಹೇಗೆ ಇಳಿದರು ಅಂತ, ಅಣೆಕಟ್ಟಿನ ಬಾಗಿಲು ತೆಗೆದ ಹಾಗಲ್ಲ, ನೇರ ಹೊಲಿಗೆಯ ಹಾಗೆ, ಒಂದಾದ ಮೇಲೊಂದು, ಮಸಿ ಮೆತ್ತಿದ ಮುಖ, ಕೊರಳಲ್ಲಿ ಅಳತೆಪಟ್ಟಿ, ಕೆಮ್ಮು, ಬರಿಗಾಲು, ಒಬ್ಬಳ ಕೈಯಲ್ಲಿ ಇನ್ನೂ ಅರ್ಧ ಹೊಲಿದ ತೋಳು ಇದೆ, ಎಸೆಯೇ ಅದನ್ನ, ಬನ್ನಿ ಬನ್ನಿ, ಆ ಗೋಡೆ ಹತ್ತಿರ ಹೋಗಿ, ಕೂತ್ಕೋ, ಒಬ್ಬಳು ಅಯ್ಯೋ ನೀನಾ ಅಂದಳು, ತಬ್ಬಿಕೊಂಡಳು, ಕಾಜಾ! ಹದಿನೆಂಟು ವರ್ಷ ನನ್ನ ಪಕ್ಕ ಕೂತು ಗುಂಡಿಯ ಕಾಜಾ ಹೊಲಿದವಳು, ಅದೇ ಹೆಸರಾಗಿ ಹೋಗಿತ್ತು, ಮುದುಕಿಯಾಗಿದ್ದಾಳೆ, ನಾನೂ ಆಗಿದ್ದೇನೆ, ಕೆಮ್ಮುತ್ತ ನಗುತ್ತ ಹೇಳಿದಳು, ನಿನ್ನ ತಂಗಿ ಪ್ರಾಣ ತಿಂದುಬಿಟ್ಟಿದ್ದಾಳೆ ಕಣೇ ನಮ್ಮದು, ಸೂಪರ್‌ವೈಸರ್ ಆದಾಗಿಂದ ದಿನಾ ಗಂಟೆ ಹೊಡೆಯೋಕ್ಕೆ ಮುಂಚೆ ಬಂದು ಆ ಬಾಗಿಲು ತಳ್ಳಿ ನೋಡೋದು, ಎದುರಿಗೆ ಒಂದು ಡಬ್ಬ ಇಟ್ಟಿದ್ರೂ ಒದ್ದು ಎಸೆಯೋದು, ತಿಂಗಳಿಗೊಂದ್ಸಲ ಎಲ್ಲರಿಗೂ ಹೆಗಲು ಹಿಡಿಸಿ ಈ ಮೆಟ್ಟಿಲು ಇಳಿಸೋದು, ಒಂದನೇ ಕ್ಲಾಸಿನ ಮಕ್ಕಳ ಥರ, ರೈಲಮ್ಮ ಅಂತ ಹೆಸರಿಟ್ಟಿದ್ವಿ, ಗಡಿಯಾರ ಹೋಗಿ ಹೊಸ ಮ್ಯಾನೇಜರ್ ಬಂದವನು ಬೀಗ ತಂದಿಟ್ಟಾಗ ಏನು ಮಾಡಿದ್ಲು ಗೊತ್ತಾ, ಅವನ ಕಣ್ಣೆದುರೇ ಕಿಟಕಿಯಿಂದ ಎಸೆದ್ಲು, ನಮ್ಮಕ್ಕನ ಕೆಲಸ ಹೋಗಿದೆ ಸಾರ್ ಈ ಬಾಗಿಲಿಗೆ ಅಂದ್ಲು. ಹಾಗಂದಳಾ? ಹಾಗೇ ಅಂದ್ಲು ಕಣೇ. ನನ್ನ ತಂಗಿ. ತಲೆ ಎತ್ತದೆ ಹೊಲಿಯುತ್ತಿದ್ದವಳು, ನೂರು ಮೆಷಿನ್ ನಿಂತರೂ ನಿಲ್ಲದ ಮೆಷಿನಿನವಳು. ನಾನು ಮೂರು ದಿನ ಕಾದೆ ಆ ಬಾಗಿಲನ್ನು, ಅವಳು ಒಂಬತ್ತು ವರ್ಷ ಕಾದಿದ್ದಾಳೆ, ನನಗೊಂದು ಮಾತೂ ಹೇಳದೆ, ಹೇಳಲು ನಾನೆಲ್ಲಿ ಬಿಟ್ಟಿದ್ದೆ — ಎಲ್ಲಿ ಅವಳು, ಇನ್ನೂ ಇಳಿದಿಲ್ಲವಲ್ಲ, ಎಲ್ಲೇ ಕಾಜಾ, ಕೊನೇಲಿ ಬರ್ತಾಳೆ, ಯಾವಾಗಲೂ ಅವಳೇ ಕೊನೆ, ಮೆಷಿನ್ ಕೆಳಗೆಲ್ಲ ಬಗ್ಗಿ ನೋಡ್ಕೊಂಡು ಬರ್ತಾಳೆ.

ಮೆಟ್ಟಿಲು ತೆಳ್ಳಗಾಗುತ್ತ ಬಂತು, ಹತ್ತು ಜನ, ಆರು, ಬಾಗಿಲಿನಿಂದ ಹೊಗೆ, ಬರೀ ಹೊಗೆ, ಬಾರೇ, ಬಾರೇ ಮಾರಾಯ್ತಿ, ಒಳಗೇನೋ ದಡಾರನೆ ಬಿತ್ತು, ಗೋಡೆಯ ಹತ್ತಿರ ಕೂತ ಅಷ್ಟೂ ಹೆಂಗಸರು ಎದ್ದು ನಿಂತರು — ಬಂದಳು. ಬಿಳಿ ಕೂದಲಿನ ಒಬ್ಬಳನ್ನು ಮುಂದೆ ಬಿಟ್ಟುಕೊಂಡು, ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು, ಬಾಗಿಲಲ್ಲಿ ಒಂದು ಗಳಿಗೆ ನಿಂತು ಹಿಂದಕ್ಕೆ ತಿರುಗಿ ನೋಡಿ, ಮತ್ತೆ ಇಳಿಯತೊಡಗಿದಳು, ಅವಸರವೇ ಇಲ್ಲ, ಒಂದೊಂದೇ ಮೆಟ್ಟಿಲು, ಹಿಂದೆ ಯಾರೂ ಇಲ್ಲ, ಅವಳ ಹೆಗಲು ಬರಿದು. ನೂರ ಮೂವತ್ತೆಂಟು ಅಂದಳು ಕೆಳಗೆ ಕಾಲಿಡುತ್ತಲೇ, ಓಣಿಗೆ ಓಡಿ ಬಂದಿದ್ದ ಬೆಂಕಿ ಗಾಡಿಯ ಸಿಬ್ಬಂದಿಯವನಿಗೆ, ನೂರ ಮೂವತ್ತೆಂಟು, ನಾನೂ ಸೇರಿ, ಒಳಗೆ ಯಾರೂ ಇಲ್ಲ, ಯಾರೂ ಇಲ್ಲ. ಓಣಿ ತುಂಬ ಚಪ್ಪಾಳೆ, ಶಿಳ್ಳೆ, ಲಾರಿಯವನು ಹಾರನ್ ಒತ್ತಿ ಹಿಡಿದಿದ್ದಾನೆ ಹುಚ್ಚನ ಹಾಗೆ, ನಾನು ಏನೋ ಕಿರುಚುತ್ತಿದ್ದೇನೆ, ಬಂದ್ರು, ಎಲ್ಲರೂ ಬಂದ್ರು ಅಂತ ಇರಬೇಕು, ಅವಳು ನನ್ನನ್ನು ನೋಡಿದಳು, ಮಸಿಯ ನಡುವೆ ಎರಡೇ ಕಣ್ಣು, ಒಂಬತ್ತು ವರ್ಷಕ್ಕೆ ಏನು ಹೇಳುತ್ತಾಳೋ, ನಾನೇನು ಹೇಳಲಿ — ಅಕ್ಕಾ, ನೀರಿದ್ಯಾ ಅಂದಳು. ನನ್ನ ಚೀಲದಲ್ಲಿ ಗುಂಡಿ ಬಿಟ್ಟರೆ ಏನಿಲ್ಲ ಕಣೇ ಅಂದೆ. ನಕ್ಕಳು, ನಗುತ್ತ ನಗುತ್ತ ಕೆಮ್ಮು ಬಂದು ಬಗ್ಗಿದಳು, ಬೆನ್ನು ತಟ್ಟಿದೆ, ಅಮ್ಮ ಹೋದ ಮೇಲೆ ಇವಳಿಗೆ ತಟ್ಟುತ್ತಿದ್ದ ಹಾಗೆ, ಎಷ್ಟು ಸಣ್ಣಗಾಗಿದ್ದೀಯೇ, ನೀನು ದಪ್ಪಗಾಗಿದ್ದೀಯ ಬಿಡು, ಯಾರೋ ಬಾಟಲಿ ತಂದು ಕೊಟ್ಟರು, ಅರ್ಧ ಕುಡಿದು ಅರ್ಧ ನನಗೆ ಕೊಟ್ಟಳು. ಅಷ್ಟರಲ್ಲಿ ಚಾವಣಿ ಕುಸಿಯಿತು, ಜನರೆಲ್ಲ ಅಯ್ಯೋ ಅಂದರು, ಕಿಡಿಗಳು ಸೂರ್ಯನ ಬೆಳಕಿನಲ್ಲೂ ಕಾಣುವಷ್ಟು, ನನ್ನ ಮೆಷಿನು, ಅವಳ ಮೆಷಿನು, ಹೋಗಲಿ, ಕಬ್ಬಿಣ ಹೋಗಲಿ, ಇಷ್ಟು ಜನ ನಾಳೆ ಎಲ್ಲಿ ಕೆಲಸಕ್ಕೆ ಹೋಗಬೇಕೋ, ಅದನ್ನೂ ನೋಡಿಕೊಳ್ಳೋಣ, ಕೂತು ಮಾತಾಡೋಣ ಎಲ್ಲರೂ, ನನ್ನ ಗಂಟಲು ಇನ್ನೂ ಇದೆ, ಮೊದಲು ಇವಳನ್ನು ಡಾಕ್ಟರಿಗೆ ತೋರಿಸಬೇಕು, ಮಕ್ಕಳಿಗೆ ಫೋನ್ ಮಾಡಬೇಕು, ಎಷ್ಟು ದೊಡ್ಡವರಾಗಿದ್ದಾರೋ ನೋಡಬೇಕು, ಮೇಷ್ಟ್ರು ಒಂದು ದಿನ ಕೋಟಿಲ್ಲದೆ ಇರಲಿ, ಅವರಿಗೆ ಹೇಳಬೇಕು, ಎಲ್ಲರಿಗೂ ಹೇಳಬೇಕು, ಹೇಗಿತ್ತು ಅಂದರೆ — ಬಾಗಿಲ ತುಂಬ ಹೊಗೆ, ಕಬ್ಬಿಣದ ಮೆಟ್ಟಿಲು, ಕೊನೆಯವಳು ಇವಳು, ಮುಂದಿನವಳ ಹೆಗಲ ಮೇಲೆ ಇವಳ ಕೈ, ಇವಳ ಹೆಗಲ ಮೇಲೆ — ಇಲ್ಲ, ಯಾರ ಕೈಯೂ ಇಲ್ಲ, ಇವಳ ಹಿಂದೆ ಯಾರೂ ಉಳಿದಿಲ್ಲ, ಇಳಿಯುತ್ತಿದ್ದಾಳೆ, ಹೆಗಲು ಬರಿದು, ಮಸಿಯಿಲ್ಲದ ಒಂದು ಚೂರು ಬಟ್ಟೆಯ ಮೇಲೆ ಬಿಸಿಲು ಬಿದ್ದಿದೆ, ಆ ಹೆಗಲು, ಬರಿದು.