ಅರವತ್ತೊಂದು ಸಾಲು

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಆಕುರ್ಡಿಯ ಕಂಟ್ರೋಲ್ ರೂಮಿನಿಂದ ಫೋನ್ ಬಂದಾಗ ಶಿವಾನಿ ಇನ್ನೂ ಹೆಗಲ ಮೇಲಿನ ಬ್ಯಾಗು ಇಳಿಸಿರಲಿಲ್ಲ. ಪರದೆಗಳೆಲ್ಲ ಕಪ್ಪಾಗಿವೆ, ಯಾವ ಆಂಬುಲೆನ್ಸ್ ಎಲ್ಲಿದೆಯೆಂದೇ ಕಾಣುತ್ತಿಲ್ಲ ಎಂದು ಅಲ್ಲಿನ ಹುಡುಗಿ ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು.

ಅವಳ ಕಚೇರಿ ಪುಣೆಯ ಔಂಧ್‌ನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಹನ್ನೊಂದು ಜನ ಕೂತು ನಡೆಸುವ ಪುಟ್ಟ ಸಾಫ್ಟ್‌ವೇರ್ ಕಂಪನಿ. ಶಿವಾನಿ ಅಲ್ಲಿ ಎಂಟು ವರ್ಷದಿಂದ ಇದ್ದಳು. ಬನಹಟ್ಟಿಯಿಂದ ಬಂದು ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರ ಮಗಳು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಪಿಂಪ್ರಿಯಿಂದ ಲೋಣಾವಳಾದವರೆಗೆ ಹತ್ತೊಂಬತ್ತು ಆಂಬುಲೆನ್ಸ್ ಓಡಿಸುವ ಒಂದು ಟ್ರಸ್ಟಿನ ಆಕುರ್ಡಿ ಕಂಟ್ರೋಲ್ ರೂಮಿಗೆ ಕಂಪನಿಯವರು ಪ್ರೋಗ್ರಾಮ್ ಬರೆದುಕೊಟ್ಟಿದ್ದರು. ಫೋನ್ ಬಂದ ಜಾಗಕ್ಕೆ ಯಾವ ಗಾಡಿ ಹತ್ತಿರ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಎಂಬುದನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಿತ್ತು. ಆ ಪ್ರೋಗ್ರಾಮ್ ಇದ್ದ ಯಂತ್ರದ ಡಿಸ್ಕು ರಾತ್ರಿಯ ಗುಡುಗು ಮಳೆಯಲ್ಲಿ ಸುಟ್ಟುಹೋಗಿತ್ತು.

ಹಾಗೆ ನೋಡಿದರೆ ಇದು ದೊಡ್ಡ ಸಂಗತಿಯಲ್ಲ. ಹೊಸ ಯಂತ್ರ ಅಲ್ಲೇ ಸಿದ್ಧವಿತ್ತು, ಮಾಹಿತಿಯ ನಕಲೂ ಇತ್ತು. ಹತ್ತು ಗಂಟೆಗೆ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ಹಾಕಿದರು. ಅದು ಏಳಲಿಲ್ಲ. ಅವರ ಪ್ರೋಗ್ರಾಮು ಬೇರೆಯವರು ಬರೆದು ಲೋಕಕ್ಕೆ ಬಿಟ್ಟ ಅರವತ್ತೊಂದು ಲೈಬ್ರರಿಗಳ, ಎಂದರೆ ಸಿದ್ಧ ಕೋಡಿನ ತುಂಡುಗಳ, ಮೇಲೆ ನಿಂತಿತ್ತು. ಅವುಗಳಿಗೆ ಆಗಾಗ ಹೊಸ ಆವೃತ್ತಿ ಬರುತ್ತದೆ; ಒಂದರ ಹೊಸದು ಇನ್ನೊಂದರ ಹಳೆಯದಕ್ಕೆ ಒಗ್ಗುವುದಿಲ್ಲ. ಅದಕ್ಕೇ ಯಾವ ಲೈಬ್ರರಿಯ ಎಷ್ಟನೆಯ ಆವೃತ್ತಿ ಬೇಕು ಎಂದು ಸಾಲಿಗೊಂದರಂತೆ ಬರೆದ ಒಂದು ಫೈಲು ಕಚೇರಿಯ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಆ ಫೈಲು ಈಗ ಇರಲಿಲ್ಲ. ಕೋಡಿನ ಪ್ರತಿಯೊಂದು ಬದಲಾವಣೆಯನ್ನೂ ಕಾಪಿಡುವ ಭಂಡಾರದಲ್ಲಿ ಹುಡುಕಿದರೆ, ಅದನ್ನು ಇಲ್ಲಿಗೆ ಸೇರಿಸಬೇಡ ಎಂದು ಹಿಂದೆ ಯಾರೋ ಬರೆದಿಟ್ಟ ಒಂದು ಸಾಲು ಮಾತ್ರ ಸಿಕ್ಕಿತು.

ಕಂಪನಿ ನಡೆಸುವ ಪ್ರೇಮಕುಮಾರ್ ಬೆಂಗಳೂರಿನವರು. ಮೇ ತಿಂಗಳಲ್ಲಿ ಕಚೇರಿಯ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸಿದ್ದು ಯಾರೆಂದು ಅವರು ಕೇಳಿದರು. ಶಿವಾನಿಯ ಸಹೋದ್ಯೋಗಿ, ಮರಾಠಿಯ ಹುಡುಗ ಸ್ವಪ್ನಿಲ್ ಕೈ ಎತ್ತಿದ. ಹಾಗಾದರೆ ಆಗಲೇ ಬಿಟ್ಟುಹೋಗಿರಬೇಕು, ಹಳೆಯ ಡಿಸ್ಕುಗಳನ್ನು ತೆಗೆದು ಹುಡುಕು ಎಂದರು. ಸ್ವಪ್ನಿಲ್ ಎದುರಾಡಲಿಲ್ಲ. ಎಲ್ಲವನ್ನೂ ತಂದಿದ್ದೆನಲ್ಲ ಎಂದು ಮೆಲ್ಲಗೆ ಅಂದು, ಕಪಾಟಿನಿಂದ ನಾಲ್ಕು ಹಳೆಯ ಡಿಸ್ಕು ತಂದು ಒಂದೊಂದಾಗಿ ಸಿಕ್ಕಿಸತೊಡಗಿದ.

ಶಿವಾನಿಗೆ ಗೊತ್ತಿತ್ತು. ಆ ಫೈಲು ಮೇ ತಿಂಗಳಲ್ಲಿ ಹೋಗಿರಲಿಲ್ಲ. ಶನಿವಾರ ಸಂಜೆಯವರೆಗೂ ಇತ್ತು. ಜಾಗ ಸಾಲುತ್ತಿಲ್ಲವೆಂದು ಹಳೆಯ ಫೋಲ್ಡರುಗಳನ್ನು ಅಳಿಸುತ್ತ ಹೋದಾಗ, ಯಂತ್ರ ತಾನೇ ಹುಟ್ಟಿಸಿದ ಕಸವಿರಬೇಕೆಂದು ಅವಳೇ ಅದನ್ನೂ ಅಳಿಸಿದ್ದಳು. ಫೈಲಿನ ಹೆಸರೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಹೇಳಬೇಕು ಅಂದುಕೊಂಡಳು. ಹಳೆಯ ಡಿಸ್ಕಿನಲ್ಲಿ ಒಂದು ನಕಲು ಸಿಕ್ಕರೆ ಹೇಳುವ ಪ್ರಸಂಗವೇ ಬರುವುದಿಲ್ಲ ಅಂತಲೂ ಅಂದುಕೊಂಡಳು. ನಾಲ್ಕೂ ಡಿಸ್ಕು ಮುಗಿದವು, ಎಲ್ಲದರಲ್ಲೂ ಬೇರೆ ಕೆಲಸದ ಫೈಲುಗಳೇ; ಸ್ವಪ್ನಿಲ್ ಮೊದಲನೆಯದರಿಂದ ಮತ್ತೆ ಶುರುಮಾಡಿದ. ಸ್ವಪ್ನಿಲನ ಕಿವಿ ಕೆಂಪಗಾಗಿತ್ತು. ಪಕ್ಕದಲ್ಲೇ ಕೂತು ತಾನೂ ಹುಡುಕುವವಳಂತೆ ಅವಳು ಪರದೆ ನೋಡುತ್ತಿದ್ದಳು.

ಆಕುರ್ಡಿಯಲ್ಲಿ ಅಷ್ಟರಲ್ಲಿ ಕಾಗದ, ಪೆನ್ನು, ಮೊಬೈಲಿನ ಮೇಲೆ ಕೆಲಸ ನಡೆದಿತ್ತು. ಹನ್ನೊಂದೂಮುಕ್ಕಾಲಿಗೆ ಆ ಹುಡುಗಿ ಮತ್ತೆ ಫೋನ್ ಮಾಡಿದಳು. ಲೋಣಾವಳಾದಲ್ಲಿ ಚಿಕ್ಕಿ ಅಂಗಡಿಯ ಮುದುಕರೊಬ್ಬರಿಗೆ ಎದೆನೋವು. ಗೊತ್ತಾಗದೆ ನಿಗಡಿಯಿಂದ ಗಾಡಿ ಕಳಿಸಿದ್ದಾರೆ, ಆಮೇಲೆ ನೋಡಿದರೆ ಲೋಣಾವಳಾಕ್ಕೆ ಹತ್ತಿರದ ಕಾಮಶೇತ್‌ನಲ್ಲೇ ಒಂದು ಗಾಡಿ ಸುಮ್ಮನೆ ನಿಂತಿತ್ತಂತೆ. ಘಾಟಿನ ಕಡೆ ಮಳೆ ಸುರಿಯುತ್ತಿದೆ, ನಿಗಡಿಯ ಗಾಡಿ ಇನ್ನೂ ತಲುಪಿಲ್ಲ.

ಶಿವಾನಿ ಎದ್ದು ನಿಂತಳು. ಸ್ವಪ್ನಿಲನಿಗೂ ತಿಳಿಯಲೆಂದು ಮರಾಠಿಯಲ್ಲೇ ಹೇಳಿದಳು. ಹುಡುಕುವುದನ್ನು ನಿಲ್ಲಿಸಿ, ಅದು ಆ ಡಿಸ್ಕುಗಳಲ್ಲಿಲ್ಲ, ಶನಿವಾರ ನಾನೇ ಅಳಿಸಿದೆ, ಬೆಳಗ್ಗೆಯೇ ಗೊತ್ತಿತ್ತು ಎಂದಳು. ಕೊನೆಯ ಮಾತನ್ನು ಬಿಟ್ಟೂ ಬಿಡಬಹುದಿತ್ತು, ಬಿಡಲಿಲ್ಲ. ಸ್ವಪ್ನಿಲ್ ಕೈಯಲ್ಲಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟು ಅವಳನ್ನು ನೋಡಿದ. ಪ್ರೇಮಕುಮಾರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕಚೇರಿಯ ಕಂಪ್ಯೂಟರಿನ ಹೊಸ ಬಗೆಯ ಡಿಸ್ಕಿನಲ್ಲಿ ಒಮ್ಮೆ ಅಳಿಸಿದ್ದು ಮರಳುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

"ಬೈಯೋದು ಆಮೇಲೆ," ಎಂದರು ಪ್ರೇಮಕುಮಾರ್. "ಬೇರೆ ಎಲ್ಲಾದ್ರೂ ಈ ಪ್ರೋಗ್ರಾಮ್ ಓಡ್ತಾ ಇದ್ಯಾ? ಯೋಚನೆ ಮಾಡಿ."

ಬಚ್ಚಿಡುವ ಭಾರ ಇಳಿದ ಮೇಲೆ ಶಿವಾನಿಯ ತಲೆ ಓಡಿತು. ನಿಗಡಿಯಲ್ಲಿ ಟ್ರಸ್ಟಿನ ಹಳೆಯ ಕಟ್ಟಡವಿದೆ. ಅದರ ನೆಲಮಾಳಿಗೆಯಲ್ಲಿ, ಮೊದಮೊದಲು ಪರೀಕ್ಷೆಗೆಂದು ಇಟ್ಟ ಒಂದು ಯಂತ್ರವಿದೆ. ಎಲ್ಲರೂ ಮರೆತ ಆ ಯಂತ್ರ ಹದಿನಾಲ್ಕು ತಿಂಗಳಿಂದ ಒಮ್ಮೆಯೂ ಆರದೆ ಓಡುತ್ತಿದೆ. ಅದರೊಳಗೆ ಆಗಿನ ಅರವತ್ತೊಂದೂ ಆವೃತ್ತಿಗಳು ಹಾಗೇ ಇರಲೇಬೇಕು. ಆದರೆ ಅದಕ್ಕೊಂದು ಕೆಟ್ಟ ಗುಣವಿತ್ತು: ಆರಿಸಿ ಹೊತ್ತಿಸಿದರೆ ಹಳೆಯದನ್ನೆಲ್ಲ ಚೆಲ್ಲಿ ಹೊಸದನ್ನು ತಂದುಕೊಳ್ಳುವಂತೆ ಅದನ್ನು ಜೋಡಿಸಿದ್ದರು.

ಸ್ವಪ್ನಿಲ್ ಇಲ್ಲಿಂದಲೇ ಅದನ್ನು ಮುಟ್ಟಲು ನೋಡಿದ. ಉತ್ತರ ಬರಲಿಲ್ಲ. ಟ್ರಸ್ಟಿಗೆ ಫೋನ್ ಮಾಡಿದರೆ, ಹನ್ನೊಂದೂವರೆಯಿಂದ ಆ ಕಟ್ಟಡದಲ್ಲಿ ಲೈನಿನ ಕೆಲಸ ನಡೆದಿದೆ, ಸಂಜೆಯವರೆಗೆ ಕರೆಂಟಿಲ್ಲ ಎಂದರು. ಕೆಲಸ ಹಿಡಿದವನ ನಂಬರು ಕೊಟ್ಟರು, ಹೆಸರು ತಾಯಪ್ಪ.

ಎರಡು ಸಲ ರಿಂಗಾಗಿ ನಿಂತು, ಮೂರನೆಯ ಸಲಕ್ಕೆ ಅವನು ಫೋನೆತ್ತಿದ. ಮರಾಠಿಯಲ್ಲಿ ಯಾರು ಎಂದು ಕೇಳಿದ. ಅವಳು ಬಾಯಿ ತೆಗೆಯುವಷ್ಟರಲ್ಲಿ ಅವನು ಬೇರೆ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು: "ತಮ್ಮಯ್ಯಾ, ಕೈ ತಗಿಬ್ಯಾಡ. ಹಂಗೇ ಹಿಡಕೊಂಡಿರು."

"ಅಣ್ಣಾರ, ನೀವು ಯಾವ ಕಡ್ಯಾವ್ರು?" ಎಂದಳು ಶಿವಾನಿ.

ಅವನೂ ಕನ್ನಡಕ್ಕೆ ಹೊರಳಿ, "ಶಹಾಪುರ ಕಡ್ಯಾವ್ರರಿ," ಎಂದ. "ನೀವ್ಯಾರ್ರಿ ಅಕ್ಕಾರ?"

ಅವಳು ಹೇಳಿದಳು. ಕೆಳಗಿನ ಕೋಣೆಯ ಯಂತ್ರ ಇನ್ನೂ ಹೊತ್ತಿದೆಯೇ ಎಂದು ಕೇಳಿದಳು. ಬ್ಯಾಟರಿ ಡಬ್ಬಿ ಕರೆಂಟು ತೆಗೆದಾಗಿನಿಂದ ಕುಂಯ್‌ಗುಡುತ್ತಿದೆ, ಐದು ದೀಪದಲ್ಲಿ ಎರಡು ಉಳಿದಿವೆ ಎಂದ ತಾಯಪ್ಪ. ನೆಟ್ಟಿನ ಡಬ್ಬಿ ಮೇಲಿನ ಮಹಡಿಯಲ್ಲಿ ಗೋಡೆಗೆ ಬಿಗಿದದ್ದು, ಅದಕ್ಕೆ ಬ್ಯಾಟರಿ ಇಲ್ಲ. ಹತ್ತು ನಿಮಿಷ ಕರೆಂಟು ಕೊಡಲಾದೀತೇ ಎಂದು ಶಿವಾನಿ ಕೇಳಿದಳು.

"ಆಗಂಗಿಲ್ರಿ. ಅಳಿಯ ತಮ್ಮಯ್ಯನ ಎರಡೂ ಕೈ ಪ್ಯಾನಲ್ ಒಳಗ ಅದಾವ. ವಾಯರ್ ಬಿಚ್ಚಿ ಇಟ್ಟೀವಿ. ನೆಲದ ಮ್ಯಾಲ ನೀರು ನಿಂತದ. ಎಲ್ಲಾ ಮುಚ್ಚಿ ಕೊಡಬೇಕಂದ್ರ ತಾಸು ಬೇಕು."

ಸ್ಪೀಕರಿನಲ್ಲಿ ಕೇಳುತ್ತಿದ್ದ ಪ್ರೇಮಕುಮಾರ್ ಅವಳ ಕಡೆ ಬಾಗಿ ದನಿ ತಗ್ಗಿಸಿದರು. "ಕೈ ತೆಗೆದು ದೂರ ನಿಂತ್ಕೊಂಡು ಹಾಗೇ ಕರೆಂಟ್ ಹಾಕೋಕೆ ಹೇಳಿ. ಒಪ್ಪಲ್ಲ ಅಂದ್ರೆ ನಾನು ಟ್ರಸ್ಟ್ ಮ್ಯಾನೇಜರಿಗೆ ಫೋನ್ ಮಾಡ್ತೀನಿ. ಅವರು ಹೇಳಿದ್ರೆ ಕೇಳ್ತಾನೆ."

ಅವರ ಕಣ್ಣ ಮುಂದೆ ಘಾಟಿನ ಮಳೆಯಲ್ಲಿ ಸಿಕ್ಕ ಗಾಡಿ ಇತ್ತು, ಅವರು ಕೆಟ್ಟ ಮನುಷ್ಯರಲ್ಲ. ಆದರೆ ಬೆಳಗ್ಗೆ ತಾನು ಬಾಯಿ ಬಿಟ್ಟಿದ್ದರೆ ಈ ಮಾತೇ ಏಳುತ್ತಿರಲಿಲ್ಲ ಎಂಬುದು ಶಿವಾನಿಗೆ ಆಗ ಹೊಳೆಯಿತು. ಒಂದೂವರೆ ತಾಸು ಆ ಯಂತ್ರ ಕರೆಂಟಿನ ಮೇಲೆ, ನೆಟ್ಟಿನ ಮೇಲೆ, ಕೈಗೆ ಎಟಕುವಂತೆ ಇತ್ತು. ತನ್ನ ಅಂಜಿಕೆಯ ಲೆಕ್ಕ ತೀರಿಸಲು ಈಗ ಯಾರೋ ಒಬ್ಬ ಬರಿಯ ವಾಯರಿನ ಮುಂದೆ ನಿಲ್ಲಬೇಕೇ?

"ಬ್ಯಾಡ ಸರ್," ಎಂದಳು. "ಬ್ಯಾಟರಿ ಇರೋತನಕ ಏನಾಗತದೋ ಅಷ್ಟ ಮಾಡೂಣು."

ತಾಯಪ್ಪ ಆಫೀಸಿನ ಮೇಜಿನಿಂದ ಒಂದು ಮಾನಿಟರು, ಕೀಬೋರ್ಡು ಎತ್ತಿಕೊಂಡು ಕೆಳಗಿಳಿದ. ಮಾನಿಟರನ್ನೂ ಅದೇ ಬ್ಯಾಟರಿಗೆ ಸಿಕ್ಕಿಸಬೇಕಿತ್ತು. ಸಿಕ್ಕಿಸಿದೊಡನೆ ಒಂದು ದೀಪ ಆರಿತು ಎಂದ. ನೆಲಮಾಳಿಗೆಯಲ್ಲಿ ಅವನ ದನಿ ತುಂಡುತುಂಡಾಗಿ ಬರುತ್ತಿತ್ತು. ಇಂಗ್ಲಿಷ್ ಅಕ್ಷರ ಓದಲು ಬರುತ್ತದೆ, ಕೀಬೋರ್ಡಿನಲ್ಲಿ ಹುಡುಕುವುದು ತಡವಾಗುತ್ತದೆ ಎಂದು ಮೊದಲೇ ಹೇಳಿದ. ಶಿವಾನಿ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು. ತಪ್ಪು ಎಂದಿತು ಯಂತ್ರ. ಮತ್ತೆ ಹೇಳಿದಳು. ಮತ್ತೆ ತಪ್ಪು. ಮೂರನೆಯ ಸಲ ತಪ್ಪಿದರೆ ಯಂತ್ರ ಕಾಲು ಗಂಟೆ ಬಾಗಿಲು ಮುಚ್ಚುತ್ತದೆ. ಸ್ವಪ್ನಿಲ್ ಅದುವರೆಗೆ ಅವಳತ್ತ ತಿರುಗಿರಲಿಲ್ಲ. ಈಗ ಒಂದು ಚೀಟಿಯಲ್ಲಿ ಗೀಚಿ ಮುಂದೆ ಸರಿಸಿದ: ಕೀಬೋರ್ಡಿನಲ್ಲಿ ದೊಡ್ಡಕ್ಷರದ ಕ್ಯಾಪ್ಸ್‌ಲಾಕ್ ದೀಪ ಹೊತ್ತಿದೆಯೇ ಕೇಳು.

ಹೊತ್ತಿತ್ತು. ಆರಿಸಿದ. ಬಾಗಿಲು ತೆರೆಯಿತು.

ಇನ್ನು ಎರಡು ಸಾಲು ಬರೆಯಬೇಕಿತ್ತು. ಮೊದಲನೆಯದು ಪ್ರೋಗ್ರಾಮಿನೊಳಕ್ಕೆ ಹೋಗಲು, ಎರಡನೆಯದು ಪಟ್ಟಿಯನ್ನು ಪರದೆಯಷ್ಟು ಪರದೆಯಷ್ಟಾಗಿ ತೋರಿಸಲು. ನಡುನಡುವೆ ಬ್ಯಾಟರಿಯ ಕೂಗು ಕೇಳುತ್ತಿತ್ತು. ಮೊದಲು ಬಿಟ್ಟು ಬಿಟ್ಟು, ಆಮೇಲೆ ಬಿಡುವಿಲ್ಲದೆ. ಎರಡನೆಯ ಸಾಲಿನ ಕೊನೆಯ ಅಕ್ಷರವನ್ನು ಶಿವಾನಿ ಎರಡು ಸಲ ಹೇಳಬೇಕಾಯಿತು.

"ಬಂತ್ರಿ," ಎಂದ ತಾಯಪ್ಪ. "ಹೆಸರು, ಮುಂದ ಅಂಕಿ. ಭಾಳ ಅದಾವ."

ಫೋಟೊ ತೆಗೆಯಿರಿ, ಮುಂದಿನ ಪರದೆಗೆ ಸ್ಪೇಸ್ ಒತ್ತಿ, ಮತ್ತೆ ತೆಗೆಯಿರಿ ಎಂದಳು. ಒಂದು ತೆಗೆದ. ಎರಡು ತೆಗೆದ. ಮೂರು ತೆಗೆಯುತ್ತೇನೆ ಎಂದವನು ಮಾತು ನಿಲ್ಲಿಸಿದ. ಬ್ಯಾಟರಿಯ ಕೂಗೂ ನಿಂತಿತು. ಅದಾದ ಮೇಲೆ ಫೋನೇ ಕಡಿಯಿತು.

ಮೂವರೂ ಮೇಜಿನ ಮೇಲಿನ ಮೊಬೈಲನ್ನು ನೋಡುತ್ತ ಕೂತರು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಹೊರಗೆ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ನಾಲ್ಕು ನಿಮಿಷದ ಮೇಲೆ ಮೊಬೈಲು ಮೂರು ಸಲ ನಡುಗಿತು. ಮೆಟ್ಟಿಲು ಹತ್ತಿ ಬಂದು ತಾಯಪ್ಪ ಮೂರೂ ಫೋಟೊ ಕಳಿಸಿದ್ದ. ಮೂರನೆಯದನ್ನು ಆರುವ ಮುನ್ನವೇ ತೆಗೆದಿದ್ದ.

ಸ್ವಪ್ನಿಲ್ ಓದಿದ, ಶಿವಾನಿ ಬರೆದಳು. ನಲವತ್ಮೂರನೆಯ ಸಾಲಿನಲ್ಲಿ ಇಬ್ಬರೂ ನಿಂತರು. ಮೊಬೈಲಿನ ಫ್ಲ್ಯಾಶು ಪರದೆಗೆ ಬಡಿದು ಅಲ್ಲೊಂದು ಬಿಳಿ ಚುಕ್ಕೆಯಾಗಿತ್ತು. ನಕ್ಷೆಯ ಲೆಕ್ಕ ಮಾಡುವ ಲೈಬ್ರರಿ ಅದು. ಚುಕ್ಕೆಯ ಕೆಳಗಿನ ಅಂಕಿ ಮೂರೋ ಎಂಟೋ ತಿಳಿಯದು. ತಾಯಪ್ಪನನ್ನು ಕೇಳಿದರೆ, "ನೋಡಿಲ್ರಿ ಅಕ್ಕಾರ, ಸುಳ್ಳ ಯಾಕ ಹೇಳ್ಲಿ," ಎಂದ.

ಎಂಟು ಹಾಕಿದರು. ಒಂದು ಗಂಟೆ ಇಪ್ಪತ್ತಕ್ಕೆ ಪ್ರೋಗ್ರಾಮ್ ಎದ್ದಿತು. ಒಂದೂ ದೂರಿಲ್ಲ, ಒಂದೂ ಕೆಂಪು ಸಾಲಿಲ್ಲ. ಪ್ರೇಮಕುಮಾರ್ ಆಕುರ್ಡಿಗೆ ಫೋನ್ ಮಾಡಲು ಎದ್ದೇಬಿಟ್ಟರು. ಶಿವಾನಿಗೆ ಮಾತ್ರ ಧೈರ್ಯವಾಗಲಿಲ್ಲ. ಮೊದಲು ನಕ್ಷೆ ತೆರೆದು ನೋಡುತ್ತೇನೆ, ತಡೆಯಿರಿ ಎಂದಳು. ನಕ್ಷೆಯಲ್ಲಿ ಪುಣೆಯ ಮೇಲೆ ಒಂದು ಗಾಡಿಯೂ ಇರಲಿಲ್ಲ. ನಕ್ಷೆಯನ್ನು ಕಿರಿದು ಮಾಡುತ್ತ ಮಾಡುತ್ತ ಹೋದರೆ, ಹತ್ತೊಂಬತ್ತು ಆಂಬುಲೆನ್ಸೂ ಉತ್ತರ ಧ್ರುವದ ಹತ್ತಿರದ ಸಮುದ್ರದಲ್ಲಿ ಒತ್ತಾಗಿ ನಿಂತಿದ್ದವು. ಆ ಆವೃತ್ತಿ ಅಕ್ಷಾಂಶ ರೇಖಾಂಶಗಳನ್ನು ಅದಲು ಬದಲು ಮಾಡಿ ಓದುತ್ತಿತ್ತು. ಹಾಗೇ ಬಿಟ್ಟಿದ್ದರೆ ಅದು ಯಾವ ಗಾಡಿಯನ್ನು ಹತ್ತಿರವೆಂದು ತೋರಿಸುತ್ತಿತ್ತೋ ನೆನೆಯಲಿಕ್ಕೂ ಆಗಲಿಲ್ಲ.

ಮೂರು ಹಾಕಿದರು. ಗಾಡಿಗಳು ಒಂದೊಂದಾಗಿ ಹೆದ್ದಾರಿಯುದ್ದಕ್ಕೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಆಕುರ್ಡಿಯ ಹುಡುಗಿ ಐದು ಗಾಡಿಯ ಚಾಲಕರಿಗೆ ಫೋನ್ ಮಾಡಿ ನೀವೆಲ್ಲಿದ್ದೀರೆಂದು ಕೇಳಿ ತಾಳೆ ನೋಡಿದಳು. ಎರಡು ಗಂಟೆಗೆ ಕಾಗದ, ಪೆನ್ನು ಪಕ್ಕಕ್ಕಿಟ್ಟರು.

ಲೋಣಾವಳಾದ ಮುದುಕರು ಬದುಕಿದರು. ಗಾಡಿ ನಲವತ್ತು ನಿಮಿಷ ತಡವಾಗಿ ಹೋಗಿತ್ತು. ಮೂರು ದಿನ ಅವರು ತೀವ್ರ ನಿಗಾದಲ್ಲಿದ್ದರು, ಆಮೇಲೆ ಸಾಮಾನ್ಯ ವಾರ್ಡಿಗೆ ಬಂದರು. ಶಿವಾನಿ ಮೂರು ದಿನವೂ ಆಸ್ಪತ್ರೆಗೆ ಫೋನ್ ಮಾಡಿದಳು. ಯಾರೆಂದು ಕೇಳಿದಾಗ ಗುರುತಿನವಳು ಎಂದಳು.

ಮಂಗಳವಾರ ಸಂಜೆಯೇ ತಾಯಪ್ಪನಿಗೂ ಫೋನ್ ಮಾಡಿದ್ದಳು. ತಮ್ಮಯ್ಯನ ಕೆಲಸ ಮುಗಿದು ಕರೆಂಟು ಬಂದಿತ್ತು. ಮೇಲಿನವರಿಂದ ಹೇಳಿಸಿ ಕರೆಂಟು ಹಾಕಿಸುವ ಮಾತು ನಮ್ಮಲ್ಲಿ ಬಂದಿತ್ತು ಎಂಬುದನ್ನೂ ಅವನಿಗೆ ಮುಚ್ಚಿಡಲಿಲ್ಲ.

"ಯಾರ ಹೇಳಿದ್ರೂ ನಾ ಹಾಕ್ತಿದ್ದಿಲ್ರಿ," ಎಂದ ತಾಯಪ್ಪ. "ಅವಂಗ ಎರಡು ಮಕ್ಕಳದಾವ." ಆಮೇಲೆ ಗಾಡಿಗಳು ಓಡುತ್ತಿವೆಯೇ ಎಂದು ವಿಚಾರಿಸಿ, ಭೋರ್‌ನಲ್ಲಿ ನಾಳೆ ಬೇರೆ ಕೆಲಸವಿದೆ ಎಂದು ಫೋನಿಟ್ಟ.

ಸ್ವಪ್ನಿಲನ ಕ್ಷಮೆ ಕೇಳುವುದೇ ಕಷ್ಟವಾಯಿತು. ಮಾರನೆಯ ದಿನ ಅವನ ಮೇಜಿನ ಹತ್ತಿರ ಹೋಗಿ ನಿಂತು ಕೇಳಿದಳು. ಫೈಲು ಅಳಿಸಿದ್ದಕ್ಕೆ ಕೋಪವಿಲ್ಲ, ಅದು ಯಾರ ಕೈಯಿಂದಲೂ ಆಗುತ್ತದೆ ಎಂದ. ಎರಡು ತಾಸು ನನ್ನ ಕೈಯನ್ನೇ ನಾನು ನಂಬದೆ ಕೂತಿದ್ದೆ, ನೀನು ಪಕ್ಕದಲ್ಲಿದ್ದೆ ಎಂದ. ಆ ವಾರ ಅವನು ಚಹಾಕ್ಕೆ ಅವಳನ್ನು ಕರೆಯದೆ ಹೋದ.

ಶುಕ್ರವಾರ ಮಧ್ಯಾಹ್ನ ಆ ಫೈಲನ್ನು ಭಂಡಾರಕ್ಕೆ ಸೇರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಸೇರಿಸಬೇಡ ಎಂಬ ಹಳೆಯ ಸಾಲನ್ನು ತೆಗೆದು ಹಾಕಿ, ಕುರ್ಚಿಯನ್ನು ಸ್ವಲ್ಪ ಸರಿಸಿ ಶಿವಾನಿಗೆ ಜಾಗ ಮಾಡಿದ. ಇನ್ನೊಬ್ಬರು ನೋಡದೆ ಸೇರಿಸಬಾರದೆಂದು ಪ್ರೇಮಕುಮಾರ್ ಹೇಳಿದ್ದಾರೆ, ಕೂತು ಓದು ಎಂದ. ಶಿವಾನಿ ಕೂತು ಮೊದಲನೆಯ ಸಾಲಿನಿಂದ ದನಿಯೆತ್ತಿ ಓದತೊಡಗಿದಳು. ಅವನು ಒಂದೊಂದಕ್ಕೂ ಹೂಂಗುಟ್ಟಿದ.